ಅನುದಾನ ಭಿಕ್ಷೆಯಲ್ಲ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸರ್ಕಾರದ ದುಡ್ಡು ಅಂದರೆ ನಮ್ಮದೇ ದುಡ್ಡು. ಗೊಬ್ಬರ, ಡೀಸೆಲ್, ಸೋಪು, ಎಲ್ಲದಕ್ಕೂ ತೆರಿಗೆ ಕಟ್ಟಿದ್ದೀವಿ. ಕೇಳೋಕೆ ನಾಚಿಕೆ ಯಾಕೆ?

ಆದರೆ ಲೆಕ್ಕ ಇಟ್ಟು ಕೇಳಬೇಕು. 2020ರಲ್ಲಿ ಕೇಂದ್ರ ಸರ್ಕಾರ ರೈತ ಉತ್ಪಾದಕ ಸಂಸ್ಥೆಗಳಿಗೆ ತಂದ ಯೋಜನೆಯನ್ನೇ ನೋಡಿ. ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು ಅಂದರು. ಸದಸ್ಯರು ಹಾಕಿದ ಷೇರು ಹಣಕ್ಕೆ ಸರಿಸಮನಾಗಿ, ತಲಾ 2,000 ರೂಪಾಯಿವರೆಗೆ, ಸಂಸ್ಥೆಗೆ ಗರಿಷ್ಠ 15 ಲಕ್ಷ ಅನುದಾನ. ನಾವು ಹಾಕದಿದ್ದರೆ ಅವರೂ ಹಾಕುವುದಿಲ್ಲ.

ಸಂಘದ ನೋಂದಣಿ ಪತ್ರ, ಸಭೆಯ ಠರಾವು, ಬ್ಯಾಂಕ್ ಪಾಸ್‌ಬುಕ್, ಆಡಿಟ್ ಆದ ಲೆಕ್ಕ, ಇವು ಮೊದಲೇ ಸಿದ್ಧವಿರಲಿ. ಅರ್ಜಿಗೆ ದಲ್ಲಾಳಿ ಹಿಡಿದರೆ ದುಡ್ಡು ಅವನದು, ಸಹಿ ನಮ್ಮದು! ತಿಂಗಳಿಗೊಮ್ಮೆ ಊರ ಕಟ್ಟೆಯ ಮೇಲೆ ಲೆಕ್ಕ ಓದಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಪಡೆಯದೆ ಕಚೇರಿ ಬಿಟ್ಟು ಕದಲಬೇಡಿ.