‘ಅವಲಂಬಿತೆ’ ಎಂಬ ಮುದ್ರೆ

(ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮದುವೆ ಮಾತುಕತೆಯಲ್ಲಿ ನಾವು ಏನೆಲ್ಲ ವಿಚಾರಿಸುತ್ತೇವೆ? ಹುಡುಗನ ಓದು, ಸಂಬಳ, ಸ್ವಂತ ಮನೆ, ಅಣ್ಣತಮ್ಮಂದಿರು ಎಷ್ಟು ಜನ ಎಲ್ಲವನ್ನೂ ಕೇಳುತ್ತೇವೆ. ಆದರೆ ‘ಅಮೆರಿಕದ ಗಂಡು’ ಎಂದ ಕೂಡಲೇ ಈ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ವರದಕ್ಷಿಣೆಯ ಮೊತ್ತ ಮಾತ್ರ ಏರುತ್ತದೆ. ವಿಮಾನದ ಟಿಕೆಟ್ಟು, ವೀಸಾ ಖರ್ಚು ಎಂದು ಅದಕ್ಕೆ ಹೊಸ ಹೊಸ ಹೆಸರುಗಳು ಬೇರೆ. ನಮ್ಮ ಹುಡುಗಿ ಅಲ್ಲಿ ಯಾವ ವೀಸಾದ ಮೇಲೆ ಬದುಕುತ್ತಾಳೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ.

ನಮ್ಮ ಬಳಿ ಬಂದ ಒಬ್ಬ ಹೆಣ್ಣುಮಗಳ ಸಂಗತಿ ಹೇಳುತ್ತೇನೆ. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದವಳು. ಮದುವೆಯಾಗಿ, ಕೆಲಸ ಬಿಟ್ಟು ಗಂಡನ ಜೊತೆ ಹೋದಳು. ತಾನು ಅಲ್ಲಿ ದುಡಿಯುವಂತಿಲ್ಲ ಎಂದು ತಿಳಿದದ್ದು ಹೋದ ಮೇಲೆ. ಬ್ಯಾಂಕಿನ ಖಾತೆ ಅವನ ಹೆಸರಿನಲ್ಲಿ, ಕಾರು ಅವನದು. ಹಾಲು ತಂದರೂ ಲೆಕ್ಕ ಕೊಡಬೇಕು. ಹೊಡೆದಾಗಲೆಲ್ಲ ಅವನು ಹೇಳುತ್ತಿದ್ದ ಮಾತು ಒಂದೇ: “ಒಂದು ಫೋನ್ ಮಾಡಿದರೆ ನಿನ್ನ ವೀಸಾ ಹೋಗುತ್ತದೆ.” ಎರಡನೆಯ ವರ್ಷ ರಜೆಗೆಂದು ಊರಿಗೆ ಕರೆತಂದವನು ಅವಳ ಪಾಸ್‌ಪೋರ್ಟ್ ಎತ್ತಿಕೊಂಡು ಒಬ್ಬನೇ ಹಿಂದಿರುಗಿದ.

ಇವಳ ಕೈಯಲ್ಲಿದ್ದದ್ದು ಎಚ್-4 ವೀಸಾ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಹೆಂಡತಿಗೆ ಅಥವಾ ಗಂಡನಿಗೆ, 21 ವರ್ಷದೊಳಗಿನ ಮಕ್ಕಳಿಗೆ ಕೊಡುವ ವೀಸಾ ಇದು. ಇದರಲ್ಲಿ ಓದಬಹುದು, ಆದರೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ದುಡಿಯುವ ಅನುಮತಿ ಸಿಗುತ್ತಿದೆ. ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಐ-140 ಹಂತ ಮಂಜೂರಾಗಿರಬೇಕು, ಇಲ್ಲವೇ ಅದೇ ಅರ್ಜಿಯ ಕಾರಣಕ್ಕೆ ಅವನ ಎಚ್-1ಬಿ ಆರು ವರ್ಷದ ಮಿತಿ ದಾಟಿ ಮುಂದುವರಿದಿರಬೇಕು. ಹೊಸದಾಗಿ ಹೋದವನ ಹೆಂಡತಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಅಂದರೆ ಅವಳು ದುಡಿಯಬಹುದೇ ಇಲ್ಲವೇ ಎಂಬುದೂ ಅವನ ಕಾಗದದ ಮೇಲೆಯೇ ನಿಂತಿದೆ.

‘ಒಂದು ಫೋನ್’ ಎಂಬ ಬೆದರಿಕೆ ನಿಜವೇ? ಅರ್ಧ ಸುಳ್ಳು. ಮದುವೆ ಮತ್ತು ಅವನ ಎಚ್-1ಬಿ ಊರ್ಜಿತವಾಗಿರುವಾಗ ಗಂಡನ ಕೋಪಕ್ಕೆ ಎಚ್-4 ಮಾಯವಾಗುವುದಿಲ್ಲ. ಉಳಿದರ್ಧ ಮಾತ್ರ ನಿಜ, ಭಯಂಕರವಾದ ನಿಜ. ವಿಚ್ಛೇದನವಾದರೆ ಎಚ್-4 ಮುಗಿಯಿತು. ವೀಸಾ ಮುಂದುವರಿಸಲು ಅವನ ಕಾಗದಪತ್ರ ಬೇಕು, ಅವನು ಕೊಡದಿದ್ದರೆ ಇವಳು ಅಲ್ಲಿ ಕಾನೂನುಬಾಹಿರಳಾಗುತ್ತಾಳೆ. ಮನೆಯೊಳಗಿನ ಕೈಗೆ ಸರ್ಕಾರವೇ ಬೆತ್ತ ಕೊಟ್ಟಂತೆ ಇದು.

ಎಲ್ಲ ವೀಸಾಗಳೂ ಒಂದೇ ಅಲ್ಲ ಎಂಬುದನ್ನು ತಿಳಿಯಿರಿ. ಕಂಪನಿಯೇ ತನ್ನ ಅಮೆರಿಕದ ಶಾಖೆಗೆ ವರ್ಗ ಮಾಡಿ ಕಳಿಸಿದ ಎಲ್-1 ನೌಕರನ ಹೆಂಡತಿ 2021ರ ನವೆಂಬರ್‌ನಿಂದ ಬೇರೆ ಅರ್ಜಿಯಿಲ್ಲದೆ ದುಡಿಯಬಹುದು. ವಿದ್ಯಾರ್ಥಿಯ ಹೆಂಡತಿಯಾಗಿ ಎಫ್-2ರಲ್ಲಿ ಹೋದವಳಿಗೆ ದುಡಿಮೆಯೂ ಇಲ್ಲ, ಪೂರ್ಣಾವಧಿ ಪದವಿ ಓದೂ ಇಲ್ಲ. ಬ್ರಿಟನ್ನಿನಲ್ಲಿ ಕುಶಲ ನೌಕರನ ಸಂಗಾತಿ ದುಡಿಯಬಹುದು. ಜರ್ಮನಿಯಲ್ಲಿ ಹೆಂಡತಿಗೆ ದುಡಿಯುವ ಹಕ್ಕಿದೆ. ಅಷ್ಟೇ ಅಲ್ಲ, ಮೂರು ವರ್ಷ ಅಲ್ಲಿ ಸಂಸಾರ ಮಾಡಿದ ಮೇಲೆ ಗಂಡನಿಂದ ಬೇರೆಯಾದರೂ ಅವಳು ತನ್ನದೇ ವಾಸದ ಪರವಾನಗಿ ಕೇಳಬಹುದು. ದೌರ್ಜನ್ಯ ನಡೆದಿದ್ದರೆ ಮೂರು ವರ್ಷ ಕಾಯಬೇಕಾಗಿಯೂ ಇಲ್ಲ. ಹೆಣ್ಣಿಗೂ ಸ್ವಂತ ಕಾಗದ ಇರಬಹುದು ಎಂದು ಒಂದು ದೇಶ ಒಪ್ಪಬಲ್ಲದಾದರೆ ಉಳಿದವೂ ಒಪ್ಪಬಲ್ಲವು. ಇಂಥ ಕಾನೂನು ಎಲ್ಲ ಕಡೆ ಬರಲಿ ಎಂಬುದು ನಮ್ಮ ಬೇಡಿಕೆ.

ಹೊಡೆತ ಬಿದ್ದಾಗ ಏನು ಮಾಡಬೇಕು? ಅಮೆರಿಕದಲ್ಲಿ 911ಕ್ಕೆ ಫೋನ್ ಮಾಡಿ. ಗಂಡ ಹತ್ತಿರ ಬರದಂತೆ ಕೋರ್ಟಿನಿಂದ ರಕ್ಷಣಾ ಆದೇಶ ಪಡೆಯಲು ಯಾವ ವೀಸಾ ಎಂಬುದು ಅಡ್ಡಿಯಲ್ಲ. ಪೊಲೀಸ್ ವರದಿ, ಆಸ್ಪತ್ರೆಯ ಚೀಟಿ ಎರಡನ್ನೂ ಜೋಪಾನವಾಗಿಡಿ. ಅಪರಾಧಕ್ಕೆ ಬಲಿಯಾಗಿ, ತನಿಖೆಗೆ ನೆರವಾದವರಿಗೆ 2000ದಲ್ಲಿ ‘ಯು’ ವೀಸಾ ಎಂದು ಮಾಡಿದ್ದಾರೆ. ಆದರೆ ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ದೌರ್ಜನ್ಯಕ್ಕೊಳಗಾದ ಎಚ್-4 ಹೆಂಡತಿಗೆ ಪ್ರತ್ಯೇಕವಾಗಿ ದುಡಿಯುವ ಅನುಮತಿ ಕೊಡಬೇಕೆಂದು 2006ರಲ್ಲೇ ಕಾನೂನಾಯಿತು. ಅರ್ಜಿಯ ನಮೂನೆ ಬಂದದ್ದು 2017ರಲ್ಲಿ! ಬ್ರಿಟನ್ನಿನಲ್ಲಿ 2024ರ ಫೆಬ್ರವರಿಯಿಂದ ನೌಕರರ ಸಂಗಾತಿಯರಿಗೂ ಮೂರು ತಿಂಗಳ ಅವಕಾಶ ಮತ್ತು ಸರ್ಕಾರಿ ನೆರವು ಕೇಳುವ ದಾರಿ ಇದೆ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ‘ಮಾನವಿ’, ನ್ಯೂಯಾರ್ಕಿನ ‘ಸಖಿ’ ಇವು ನಮ್ಮ ಕಡೆಯ ಹೆಂಗಸರೇ ಕಟ್ಟಿದ ಸಂಘಟನೆಗಳು. ಹೆದರದೆ ಕರೆಯಿರಿ.

ಊರಿನಲ್ಲಿ ಬಿಟ್ಟು ಹೋದರೆ? ಕುಟುಂಬ ದೌರ್ಜನ್ಯ ತಡೆ ಕಾಯಿದೆ 2005ರ ಪ್ರಕಾರ ನೀವು ಸದ್ಯಕ್ಕೆ ಎಲ್ಲಿದ್ದೀರೋ ಅಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶ ಕೇಳಬಹುದು. ಕ್ರೌರ್ಯದ ದೂರನ್ನು ತವರಿನಲ್ಲಿ, ಆಶ್ರಯ ಪಡೆದ ಊರಿನಲ್ಲಿ ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅಲ್ಲಿಯ ಕೋರ್ಟಿನಿಂದ ವಿಚ್ಛೇದನದ ನೋಟೀಸು ಬಂದರೆ ಎದೆಗುಂದಬೇಡಿ. ಹಿಂದೂ ವಿವಾಹ ಕಾಯಿದೆಯಲ್ಲಿಲ್ಲದ ಕಾರಣ ಕೊಟ್ಟು, ಹೆಂಡತಿ ಒಪ್ಪಿ ಹಾಜರಾಗದೆ ಪಡೆದ ವಿದೇಶಿ ತೀರ್ಪಿಗೆ ಇಲ್ಲಿ ಮಾನ್ಯತೆಯಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದ್ದರಿಂದ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅನಿವಾಸಿ ಗಂಡಂದಿರ ಮೇಲಿನ ದೂರುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ಘಟಕವೇ ಇದೆ.

ಇನ್ನು ಹೊರಡುವ ಮುಂಚಿನ ಮಾತು. ಯಾವ ವೀಸಾ, ದುಡಿಯಬಹುದೇ, ಅವನ ವೀಸಾ ಎಂದಿಗೆ ಮುಗಿಯುತ್ತದೆ ಎಂಬುದನ್ನು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿ. ಅವನ ವೀಸಾ ಮಂಜೂರಾತಿ ಪತ್ರದ ಪ್ರತಿ, ನಿಮ್ಮ ಪಾಸ್‌ಪೋರ್ಟಿನ ಪ್ರತಿ, ವಿವಾಹ ನೋಂದಣಿ ಪತ್ರ ಇವುಗಳ ಒಂದು ಕಟ್ಟು ತವರಿನಲ್ಲಿರಲಿ. ಪಾಸ್‌ಪೋರ್ಟ್ ನಿಮ್ಮದು, ಅತ್ತೆಯ ಬೀರುವಿನದಲ್ಲ. ನಿಮ್ಮ ಹೆಸರಿನ ಖಾತೆಯಲ್ಲಿ ಹಿಂದಿರುಗುವ ಟಿಕೆಟ್ಟಿನಷ್ಟು ದುಡ್ಡಿರಲಿ. ಎಚ್-4ರಲ್ಲಿದ್ದಾಗಲೇ ಓದಿ, ಕಾರು ಕಲಿಯಿರಿ, ಸಾಧ್ಯವಾದರೆ ವಿದ್ಯಾರ್ಥಿ ವೀಸಾಕ್ಕೋ ನಿಮ್ಮದೇ ಎಚ್-1ಬಿಗೋ ದಾಟಿಕೊಳ್ಳಿ.

ತಾಯಂದಿರಿಗೆ ಒಂದು ಮಾತು. ಅಲ್ಲಿಂದ ಮಗಳು ಅಳುತ್ತಾ ಫೋನ್ ಮಾಡಿದರೆ “ಹೊಂದಿಕೊಂಡು ಹೋಗಮ್ಮ” ಎನ್ನಬೇಡಿ. ನಾನು ಹೇಳಿದ ಆ ಹುಡುಗಿಗೆ ಅವಳ ತಾಯಿ ಎರಡು ವರ್ಷ ಹೇಳಿದ್ದು ಇದನ್ನೇ. ಇವತ್ತು ಆ ತಾಯಿಯೂ ಅವಳ ಜೊತೆ ಕೋರ್ಟಿಗೆ ಬರುತ್ತಾರೆ. ಹುಡುಗಿ ಮತ್ತೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಿಕೊಂಡಿದ್ದಾಳೆ. ಅದರಲ್ಲಿ ಇನ್ನೂ ಯಾವ ಮುದ್ರೆಯೂ ಬಿದ್ದಿಲ್ಲ. ಬೀಳುವುದಾದರೆ ಅವಳದೇ ಹೆಸರಿನ, ಅವಳದೇ ದುಡಿಮೆಯ ಮುದ್ರೆ ಬೀಳಲಿ.