ಮಳೆಗಾಲದ ಮಕ್ಕಳು



ಆಷಾಢ ಬಂತೆಂದರೆ ಖಿದಿರ್‌ಪುರದ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸೆರೆವಾಸ. ಬೀದಿಯಲ್ಲಿ ನಿಂತ ನೀರಿಗೆ ಅಂಜುವುದು ಸರಿಯೇ. ಇಲಿಜ್ವರ ಬರುವ ದಾರಿ ಅದು. ಆದರೆ ಆಕಾಶದ ನೀರು ಮಾಡಿದ ಅಪರಾಧವೇನು? ಗುರುದೇವ ರವೀಂದ್ರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು ಮರದಡಿಯಲ್ಲೇ ಪಾಠ ನಡೆಸಿದರು. 1928ರಲ್ಲಿ ಸಸಿ ನೆಡುವ ಉತ್ಸವವನ್ನು ಆರಂಭಿಸಿದ್ದೂ ಮಳೆಗಾಲದಲ್ಲೇ.

ನಮಗೆ ಅಷ್ಟು ದೂರವೇಕೆ? ಹೂಗ್ಲಿ ದಾಟಿದರೆ ಶಿಬ್‌ಪುರದ ಸಸ್ಯೋದ್ಯಾನ. ಅಲ್ಲಿಯ ಮಹಾ ಆಲಕ್ಕೆ 1925ರಿಂದ ನಡುಬೊಡ್ಡೆಯೇ ಇಲ್ಲ. ಬಿಳಲುಗಳ ಮೇಲೆ ನಿಂತಿದೆ. ಊರು ಬಿಟ್ಟು ಬಂದ ನಮಗೆ ಒಪ್ಪುವ ಮರವೇ! ತುಂತುರಿನಲ್ಲಿ ಬಿಳಲಿನಿಂದಿಳಿಯುವ ನೀರನ್ನೂ ಬಸವನಹುಳುವಿನ ನಡಿಗೆಯನ್ನೂ ಮಕ್ಕಳು ನೋಡಲಿ. ಮಲೆನಾಡಿನ ಹಿರಿಯರು ಗೊರಬಿನ ಕಥೆ ಹೇಳಲಿ. ಗುಡುಗು ಕೇಳಿದೊಡನೆ ಮಾತ್ರ ಮರದಡಿ ಬಿಟ್ಟು ಕಟ್ಟಡ ಸೇರಬೇಕು. ತಾಯಂದಿರು ಟವಲು, ಒಣಬಟ್ಟೆ ತಂದರಾಯಿತು.

ಬರುವ ಆಷಾಢದ ಮೊದಲ ಭಾನುವಾರ ಹೊರಡೋಣವೆ?