ಸೈಕಲ್ ಗಾಲಿಯ ಮುರಿದ ಕಡ್ಡಿ

ಇಂದು ನಾನು ಹೇಳಬೇಕೆಂದಿರುವುದು ಒಂದು ಸಣ್ಣ ತಂತಿಯ ವಿಷಯ. ಸೈಕಲ್ ಗಾಲಿಯ ಕಡ್ಡಿ, ಅಂದರೆ ಸ್ಪೋಕು. ನಾನು ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಕೆಲಸಕ್ಕೆ ಹೋಗಿಬಂದದ್ದೆಲ್ಲ ಸೈಕಲ್ ಮೇಲೆ. ಅದರ ಗಾಲಿಗಳನ್ನು ನಾನೇ ನೋಡಿಕೊಂಡು ಬಂದಿದ್ದೇನೆ. ಆ ಅನುಭವದ ಮಾತು ಇದು.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು, ಸಾಲಿಗೆ ಹೋಗುವ ಹುಡುಗ-ಹುಡುಗಿಯರು ಇಂದಿಗೂ ಸೈಕಲ್ ನಂಬಿದ್ದಾರೆ. ಒಂದು ಕಡ್ಡಿ ಮುರಿದರೆ ಅವರು ಅನ್ನುವುದೇನು? "ಇನ್ನೂ ಮೂವತ್ತೊಂಬತ್ತು ಅವ, ನಡೀತದ ಬಿಡ್ರಿ." ಈ ಮಾತೇ ಮುಂದೆ ಇಡೀ ಗಾಲಿಯನ್ನು ಕೆಡಿಸುತ್ತದೆ.

ಯಾಕೆಂದು ಹೇಳುತ್ತೇನೆ. ಎತ್ತಿನ ಬಂಡಿಯ ಗಾಲಿಯನ್ನು ನೆನಪಿಸಿಕೊಳ್ಳಿ. ಅದರ ಮರದ ಅರಗಳು ಕಂಬದಂತೆ ನಿಂತು ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿ ಬರೀ ತಂತಿ. ಅದನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಭಾರ ಇಟ್ಟರೆ ಬಾಗಿಹೋಗುತ್ತದೆ. ಅದರ ಶಕ್ತಿ ಇರುವುದು ಎಳೆತದಲ್ಲಿ. ಹೊರಸಿಗೆ ಹೆಣೆದ ಹುರಿಯ ಹಾಗೆ. ಹುರಿ ಬಿಗಿಯಿದ್ದರೆ ಹೊರಸು ಬಿಗಿ, ಒಂದು ಕಡೆ ಸಡಿಲಾದರೆ ಮಲಗಿದವನು ಅಲ್ಲಿಗೇ ಇಳಿಯುತ್ತಾನೆ. ಇಂಗ್ಲೆಂಡಿನ ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಎಂಬಾತ 1874ರಲ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯಿಸಿ ಹೆಣೆಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಇಂದಿಗೂ ನಮ್ಮ ಗಾಲಿಗಳ ಹೆಣಿಕೆ ಹೆಚ್ಚಾಗಿ ಅದೇ.

ಹಳೆಯ ಮಾದರಿಯ 28 ಇಂಚಿನ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಭಾರ ಬೀಳುವುದು ಹಿಂದೆ, ಮುರಿಯುವುದೂ ಹೆಚ್ಚಾಗಿ ಹಿಂದೆ. ಅದೂ ಹಬ್ ಹತ್ತಿರ, ತಲೆಯ ಕೆಳಗಿನ ಬಾಗಿನಲ್ಲಿ. ಗಾಲಿ ತಿರುಗುವಾಗ ಯಾವ ಕಡ್ಡಿ ನೆಲದ ಕಡೆ ಬರುತ್ತದೋ ಅದರ ಎಳೆತ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಲೆಕ್ಕ ಹಾಕೋಣ. ಈ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಹಾಕುತ್ತದೆ. ದಿನಕ್ಕೆ 10 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸಿದರೆ ಒಂದೊಂದು ಕಡ್ಡಿಯೂ 13.5 ಲಕ್ಷ ಸಲ ಹೀಗೆ ಸಡಿಲಾಗಿ ಬಿಗಿಯಾಗುತ್ತದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಪಟ್ಟನೆ ತುಂಡಾಗುವುದಿಲ್ಲವೇ? ಮೊದಲೇ ಸಡಿಲಿರುವ ಕಡ್ಡಿ ಬಾಗಿನಲ್ಲಿ ಇನ್ನೂ ಹೆಚ್ಚು ಆಡುತ್ತದೆ, ಬೇಗ ಸೋಲುತ್ತದೆ. ಅದು ಹೋದರೆ ಅದರ ಪಾಲು ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ, ಗಾಲಿಯೂ ಒಂದು ಕಡೆಗೆ ಓಲುತ್ತದೆ. ತಿಂಗಳೊಳಗೆ ಎರಡನೆಯದು, ಮೂರನೆಯದು. ಆಮೇಲೆ ರಿಮ್ಮೇ ಹೋಗುತ್ತದೆ. ಒಂದು ಕಡ್ಡಿಯ ಬೆಲೆಯಲ್ಲಿ ಮುಗಿಯುವುದು ಒಂದು ಗಾಲಿಯ ಬೆಲೆಗೆ ಬಂದು ನಿಲ್ಲುತ್ತದೆ.

ದಾರಿಯಲ್ಲಿ ಮುರಿದರೆ ಮೊದಲು ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿಬಿಡಿ, ಚೈನಿಗೋ ಚೌಕಟ್ಟಿಗೋ ಸಿಕ್ಕಬಾರದು. ಹಿಂದೆ ಯಾರನ್ನೂ ಕೂರಿಸಬೇಡಿ, ಭಾರ ಹೇರಬೇಡಿ. ಗಾಲಿ ಬ್ರೇಕಿಗೆ ತಾಗುತ್ತಿದ್ದರೆ ಇಳಿದು ನಡೆಸಿಕೊಂಡು ಬನ್ನಿ.

ಹೊಸ ಕಡ್ಡಿ ತರುವಾಗ ಅಳತೆಗೆ ಹಳೆಯದನ್ನು ಒಯ್ಯಿರಿ. ಉದ್ದ, ದಪ್ಪ ಎರಡೂ ಅದೇ ಇರಬೇಕು. ಗಾಲಿ ಬಿಚ್ಚಿ ಟೈರು, ಟ್ಯೂಬು, ರಿಮ್ಮಿನ ಪಟ್ಟಿ ತೆಗೆಯಿರಿ. ಮುರಿದದ್ದು ಫ್ರೀವೀಲ್ ಕಡೆಯದಾದರೆ ಫ್ರೀವೀಲ್ ಬಿಚ್ಚಬೇಕಾಗುತ್ತದೆ, ಅದನ್ನು ಅಂಗಡಿಯಲ್ಲಿ ಬಿಚ್ಚಿಸಿ. ಕಡ್ಡಿಯನ್ನೇ ಬಗ್ಗಿಸಿ ತುರುಕಿದರೆ ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ.

ಹಬ್‌ನ ಒಂದೇ ಬದಿಯಲ್ಲಿ ಒಂದು ಕಡ್ಡಿಯ ತಲೆ ಹೊರಗೆ, ಮುಂದಿನದರ ತಲೆ ಒಳಗೆ ಇರುತ್ತದೆ. ಆದ್ದರಿಂದ ಪಕ್ಕದ್ದನ್ನು ಬಿಟ್ಟು, ಅದರಾಚೆಯದನ್ನು ನೋಡಿ ನಕಲು ಮಾಡಿ. ಅದು ಯಾವುದರ ಮೇಲೆ, ಯಾವುದರ ಕೆಳಗೆ ಹಾಯ್ದಿದೆಯೋ ಹೊಸದೂ ಹಾಗೆಯೇ ಹಾಯಬೇಕು. ಆಮೇಲೆ ನಿಪ್ಪಲ್ ಹಾಕಿ. ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವಂತೆ ತಿರುಗಿಸಿದರೆ ಬಿಗಿ. ಬೆರಳಿನಿಂದ ಮೀಟಿ ನೋಡಿ. ಅದೇ ಬದಿಯ ಇತರ ಕಡ್ಡಿಗಳ ನಾದವೂ ಇದರದ್ದೂ ಹೆಚ್ಚು ಕಡಿಮೆ ಒಂದೇ ಇರಬೇಕು. 'ಟಪ್' ಎಂದು ಸತ್ತ ಸದ್ದು ಬಂದರೆ ಅದು ಸಡಿಲು.

ಇನ್ನು ಓಲಾಟ. ಬೆಂಗಳೂರಿನ ಕಡೆ ಬೆಂಡ್ ತೆಗೆಯುವುದು ಅನ್ನುತ್ತಾರೆ, ನಮ್ಮಲ್ಲಿ ಔಟ್ ತೆಗೆಯುವುದು. ಗಾಲಿಯನ್ನು ಚೌಕಟ್ಟಿಗೆ ಕೂರಿಸಿ, ರಿಮ್ಮಿನ ಪಕ್ಕದಲ್ಲಿ ಸುಣ್ಣದ ಕಡ್ಡಿ ಹಿಡಿದು ನಿಧಾನವಾಗಿ ತಿರುಗಿಸಿ. ಬಲಗಡೆಗೆ ಗುರುತು ಬಿದ್ದರೆ ರಿಮ್ಮು ಅಲ್ಲಿ ಬಲಕ್ಕೆ ಓಲಿದೆ. ಅಷ್ಟು ಭಾಗದಲ್ಲಿ ಎಡಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಬಲಬದಿಯವನ್ನು ಕಾಲು ಸುತ್ತು ಸಡಿಲಿಸಿ. ಬ್ಯಾಂಕಿನ ಲೆಕ್ಕದಂತೆಯೇ ಇದು, ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಬರೆಯದಿದ್ದರೆ ತಾಳೆಯಾಗುವುದಿಲ್ಲ. ಅವಸರದಿಂದ ಒಂದೇ ಕಡ್ಡಿಯನ್ನು ಎರಡು ಮೂರು ಸುತ್ತು ಬಿಗಿದವನು ಒಂದು ಓಲಾಟ ತೆಗೆಯಲು ಹೋಗಿ ಎರಡು ತಂದುಕೊಳ್ಳುತ್ತಾನೆ. ತುಕ್ಕು ಹಿಡಿದ ನಿಪ್ಪಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಬಲ ಹಾಕಬೇಡಿ.

ಕೊನೆಗೆ ನಿಪ್ಪಲ್ ದಾಟಿ ಮೇಲೆ ಬಂದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ಪಟ್ಟಿ ಹಾಕಿಯೇ ಟ್ಯೂಬು ಏರಿಸಿ. ಇಲ್ಲದಿದ್ದರೆ ಮರುದಿನವೇ ಪಂಕ್ಚರ್. ಎಂಟು ದಿನ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಒಂದೇ ಬದಿಯಲ್ಲಿ ಕೆಲವೇ ವಾರಗಳಲ್ಲಿ ಮೂರು ನಾಲ್ಕು ಮುರಿದರೆ ಉಳಿದವೂ ದಣಿದಿವೆ ಎಂದು ತಿಳಿದು ಗಾಲಿಯನ್ನು ಹೊಸ ಕಡ್ಡಿಗಳಿಂದ ಕಟ್ಟಿಸಿಬಿಡಿ.

ಇದಕ್ಕೆಲ್ಲ ಬೇಕಾದದ್ದು ಒಂದು ನಿಪ್ಪಲ್ ಪಾನಾ ಮತ್ತು ತಾಳ್ಮೆ. ವಾರಕ್ಕೊಮ್ಮೆ ಸೈಕಲ್ ಮಗುಚಿ ಹಾಕಿ ಕಡ್ಡಿಗಳನ್ನೆಲ್ಲ ಬೆರಳಿನಿಂದ ಮೀಟಿ ನೋಡುವುದಕ್ಕೆ ಐದು ನಿಮಿಷ ಸಾಕು. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಡಿಲಾದ ಕಡ್ಡಿ ಯಾವುದೆಂದು ಅವರ ಕಿವಿ ನಿಮಗಿಂತ ಮೊದಲು ಹೇಳುತ್ತದೆ.